ಹೆಣ್ಣು ಸಿಗ್ತಿಲ್ಲ ಅನ್ನೋ ಸಭೆಯಲ್ಲಿ ಹುಡುಗಿಯರಿಗೆ ಮಾತೇ ಇಲ್ಲ

ನಿನ್ನೆ ಶಿರಸಿ ಹತ್ತಿರದ ಹುಲೇಕಲ್ ಕಡೆ ಒಂದು ಸಭೆಗೆ ಹೋಗಿದ್ದೆ. ಅಡಿಕೆ ತೋಟದ ಮನೆ ಹುಡುಗರಿಗೆ ಹೆಣ್ಣು ಸಿಗ್ತಿಲ್ಲ ಅನ್ನೋದೇ ವಿಷಯ. ವೇದಿಕೆ ಮೇಲೆ ಕೂತವರೆಲ್ಲ ಗಂಡಸರು. ಮದುವೆ ವಯಸ್ಸಿನ ಹುಡುಗಿಯರು ಇಬ್ಬರೋ ಮೂವರೋ ಇದ್ದರು, ಅವರು ಕಷಾಯ ಹಂಚುತ್ತಿದ್ದರು. ನನಗಿನ್ನೂ ಸಿಟ್ಟು ಇಳಿದಿಲ್ಲ.

"ಈಗಿನ ಕೂಸ್ಗಕ್ಕೆ (ಹುಡುಗಿಯರಿಗೆ) ಬೆಂಗ್ಳೂರೇ ಬೇಕು" ಅಂದರು ಒಬ್ಬರು. ಜಾಸ್ತಿ ಓದಿಸಿದ್ದೇ ತಪ್ಪಾಯ್ತು ಅಂದರು ಇನ್ನೊಬ್ಬರು. ಹೊರ ರಾಜ್ಯದಿಂದ ಹೆಣ್ಣು ತರುವ ಮಾತೂ ಬಂತು. ಆಗ ಕಷಾಯದ ತಟ್ಟೆ ಹಿಡಿದಿದ್ದ ಒಬ್ಬಳು ನಿಂತಲ್ಲೇ ಕೇಳಿದಳು: "ದೊಡ್ಡಪ್ಪ, ಮದ್ವೆ ಆಗಿ ಬಂದ್ರೆ ಪಹಣಿಲಿ ಯನ್ನ ಹೆಸ್ರು ಇರ್ತಾ?"

"ಎಲ್ಲಾ ನಿಂದೇ ಅಲ್ದನೇ ತಂಗಿ" ಅಂದರು. ಮುಂದಿನ ಭಾಷಣಕ್ಕೆ ಹೆಸರು ಕೂಗಿದರು.

ಎಲ್ಲಾ ನಿಂದೇ ಅನ್ನುವ ಮಾತು ಕೇಳಿಕೊಂಡೇ ನಾನೂ ತೋಟದ ಮನೆಯಲ್ಲಿ ಬಾಳಿದವಳು, ನಿಮಗೆ ಗೊತ್ತು. ಅಡಿಕೆ ಗೊನೆ ಕೊಯ್ಲು ಶುರುವಾದರೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹನ್ನೊಂದರವರೆಗೂ ಸುಲಿಯಬೇಕು. ಬೇಯಿಸಿದ್ದನ್ನು ಬಿಸಿಲಿಗೆ ಅಟ್ಟದ ಮೇಲೆ ಹರವಬೇಕು. ಮೋಡ ಕಂಡರೆ ಅನ್ನದ ಕೈಯಲ್ಲೇ ಓಡಬೇಕು. ಅಡಿಕೆಯ ಚೊಗರಿಗೆ, ಅದರ ಒಗರು ರಸಕ್ಕೆ, ಕಪ್ಪಾದ ಬೆರಳು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಅಡಿಕೆ ಮಾರಿದ ದುಡ್ಡು ಮಾತ್ರ ಯಜಮಾನರ ಖಾತೆಗೆ. ನನ್ನ ಗಂಡ ಕೇಳಿದಾಗ ಇಲ್ಲ ಅಂದವರಲ್ಲ. ಆದರೆ ತವರಿಗೆ ಹೋಗೋ ಬಸ್ ಚಾರ್ಜಿಗೂ ಕೇಳಬೇಕಲ್ಲ, ಆ ಕೇಳೋದೇ ನನಗೆ ಸಂಕಟವಾಗಿತ್ತು.

ತವರಿನ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಇರಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ಬಂತು, ಮದುವೆಯಾದವಳಿಗೂ ಸಮಪಾಲು. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕಿದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ನಡೆಯೋದೇನು? ಹಿಸೆ, ಅಂದರೆ ಆಸ್ತಿ ಪಾಲು ಮಾಡುವ ಹೊತ್ತಿಗೆ ಅಕ್ಕತಂಗಿಯರನ್ನು ಕರೆಸುತ್ತಾರೆ. ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಊಟ ಹಾಕಿ, ಸೀರೆ ಕೊಟ್ಟು ಕಳಿಸುತ್ತಾರೆ. ತವರಲ್ಲಿ ಸಹಿ ಹಾಕಿ ಬಿಟ್ಟುಬಂದಳು, ಗಂಡನ ಮನೆ ಪಹಣಿಯಲ್ಲಿ ಹೆಸರಿಲ್ಲ. ಇದನ್ನೆಲ್ಲ ನೋಡಿಕೊಂಡೇ ಬೆಳೆದ ಹುಡುಗಿ ತನ್ನದೇ ಸಂಬಳ ಬೇಕು ಅಂದರೆ ಅದು ಸೊಕ್ಕಾ?

ಈಗ ಗ್ಯಾಸಿದೆ, ಸುಲಿಯೋ ಮಷಿನ್ ಬಂದಿದೆ, ಅಂಗಳದಲ್ಲಿ ಕಾರಿದೆ, ಮೊದಲಿನ ಕಷ್ಟ ಎಲ್ಲಿದೆ ಅಂತ ಕೇಳುತ್ತಾರೆ. ನಿಜ, ಕೆಲಸ ಹಗುರಾಗಿದೆ. ಸಭೆಯಲ್ಲಿ ಆ ಹುಡುಗಿ ಕೇಳಿದ್ದು ಕೆಲಸದ ಬಗ್ಗೆ ಅಲ್ಲವೇ ಅಲ್ಲ. ಪೇಟೆಯ ಆಸೆ ಇರುವವರೂ ಇದ್ದಾರೆ, ಇರಲಿ. ನಮ್ಮ ಹುಡುಗರಿಗೂ ಇದೆ.

ಈ ಸಂಕಟ ನಮ್ಮ ಶಿರಸಿ, ಸಿದ್ದಾಪುರದ್ದು ಮಾತ್ರ ಅಲ್ಲ. 2023ರಲ್ಲಿ ಮಂಡ್ಯ ಕಡೆ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಕೊಂಡು ಹೋದರು. ಆ ಮಕ್ಕಳ ನೋವು ಸುಳ್ಳಲ್ಲ, ನನಗೂ ಮದುವೆಗೆ ಬಂದ ಮಗನಿದ್ದಾನೆ. ಅದೇ ವರ್ಷದ ಚುನಾವಣೆ ಹೊತ್ತಿಗೆ, ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ರೂಪಾಯಿ ಕೊಡುತ್ತೇವೆ ಅಂತ ಕುಮಾರಸ್ವಾಮಿಯವರು ಹೇಳಿದರು. ಅಲ್ಲೂ ಅಷ್ಟೇ. ನಿನಗೆ ಏನು ಬೇಕು ಅಂತ ಹುಡುಗಿಯನ್ನು ಯಾರೂ ಕೇಳಲಿಲ್ಲ.

ಮಗನಿಗೆ ಹೆಣ್ಣು ಹುಡುಕುತ್ತಿರುವ ಅಕ್ಕಂದಿರೇ, ಭಾವಂದಿರೇ, ಸೊಸೆ ಬಂದ ಮೇಲೆ ಅಡಿಕೆ ದುಡ್ಡು ಹೋಗೋ ಖಾತೆಯನ್ನು ಜಂಟಿ ಮಾಡಿಸಿ. ಸ್ವಂತ ದುಡಿದು ಕೊಂಡ ಜಾಗ ಇದ್ದರೆ ಅದರಲ್ಲಿ ಒಂದು ತುಂಡು ಅವಳ ಹೆಸರಿಗೆ ಬರೆಯಿರಿ. ಮನೆಯವರಿಗೇ ದಾನಪತ್ರ ಮಾಡಿದರೆ ಮುದ್ರಾಂಕ ಶುಲ್ಕವೂ ಕಡಿಮೆ, ಸೊಸೆಗೂ ಆ ರಿಯಾಯಿತಿ ಇದೆ. ನಮ್ಮನೆಯಲ್ಲಿ ನಾವಿಬ್ಬರೂ ಕೂತು ಮಾತಾಡಿದ್ದೇವೆ, ಹಾಗೇ ಮಾಡುತ್ತೇವೆ. ದೀಪಾವಳಿ ಆದಮೇಲೆ ಇನ್ನೊಂದು ಸಭೆ ಕರೆಯುತ್ತಾರಂತೆ. ಅವತ್ತು ಕಷಾಯ ಗಂಡುಮಕ್ಕಳು ಹಂಚಲಿ, ಹುಡುಗಿಯರು ವೇದಿಕೆ ಮೇಲೆ ಕೂರಲಿ ಅಂತ ಕರೆಯುವವರಿಗೆ ಇವತ್ತೇ ಫೋನ್ ಮಾಡಿ ಹೇಳಿದ್ದೇನೆ.