ತೂಕ ಕೇಳಲು ನಾಚಿದ ಹುಡುಗ

ನನ್ನ ತೂಕ 73 ಕಿಲೋ. ನಮ್ಮ ಮನೆಯವರದು 54. ಇದನ್ನು ಬರೆಯಲು ನನಗೆ ಸಂಕೋಚವೇನಿಲ್ಲ. ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಬೈಕಿನಲ್ಲಿ ಪೆರ್ಲ ಪೇಟೆ ದಾಟುವಾಗ, "ಹಿಂದಿನ ಚಕ್ರಕ್ಕೆ ಗಾಳಿ ಉಂಟಲ್ಲ?" ಎಂದು ವಿಚಾರಿಸುವ ಭಾವಂದಿರು ಸಾಕಷ್ಟು ಜನ ಇದ್ದರು. ಇಪ್ಪತ್ತೈದು ವರ್ಷ ಆ ಮಾತು ಕೇಳಿ ಚರ್ಮ ದಪ್ಪವಾಗಿದೆ. ಆದರೆ ನನ್ನ ತೂಕ ಕೇಳಲು ಬೇರೆ ಯಾರೋ ನಾಚಿಕೊಂಡದ್ದರಿಂದ ನಾನು ಎರಡು ದಿನ ಹಿಮದಲ್ಲಿ ಹೊರಳಾಡಿದೆ. ಇವತ್ತಿನ ಬರಹ ಅದರ ಬಗ್ಗೆ.

ಮಗಳು ಶ್ರೀನಗರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಫೆಬ್ರವರಿಯಲ್ಲಿ ಅಡಿಕೆ ಕೊಯ್ಲು ಒಂದು ಹಂತಕ್ಕೆ ಬಂದ ಮೇಲೆ ಅಂಗಳದ ಅಡಿಕೆಯನ್ನು ಮೈದುನನ ಸುಪರ್ದಿಗೆ ಬಿಟ್ಟು ನಾವಿಬ್ಬರೂ ಅವಳನ್ನು ನೋಡಲು ಹೋದೆವು. ಅವಳು ನಮ್ಮನ್ನು ಗುಲ್ಮಾರ್ಗಿಗೆ ಎಳೆದುಕೊಂಡು ಹೋಗಿ, ನಮ್ಮನ್ನು ಒಂದು ಮಾತೂ ಕೇಳದೆ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರುವ ಸ್ಕೀ ಆಟದ ನಾಲ್ಕು ದಿನದ ತರಬೇತಿಗೆ ಹೆಸರು ಬರೆಸಿಬಿಟ್ಟಳು. ಚಿಕ್ಕಂದಿನಲ್ಲಿ ಮುಳಿಹುಲ್ಲು ಒಣಗಿದ ಗುಡ್ಡದ ಇಳಿಜಾರಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಜಾರಿದ ಅನುಭವ ನನಗಿತ್ತು. ಇದೇನು ಮಹಾ ಎಂದುಕೊಂಡೆ. ಹಾಳೆಯಲ್ಲಿ ಕೂತವರಿಗೆ ಬೀಳಲು ಎತ್ತರವೇ ಇರುವುದಿಲ್ಲ ಎಂಬುದು ಅಲ್ಲಿ ನಿಂತ ಮೇಲೆ ಹೊಳೆಯಿತು.

ಬಾಡಿಗೆ ಅಂಗಡಿಯ ಹುಡುಗನಿಗೆ ಇಪ್ಪತ್ತು ವರ್ಷ ಇದ್ದೀತು. ಬಹಳ ಮರ್ಯಾದಸ್ಥ. ನನ್ನನ್ನು "ದೀದಿ" ಎಂದು ಕರೆದ, ಕೂರಲು ಕುರ್ಚಿ ಕೊಟ್ಟ. ಪಾದದ ಅಳತೆ ನೋಡಿದ. ಆಮೇಲೆ ಎಡಗಡೆಯ ಸಾಲಿನಿಂದ ನೇರಳೆ ಹೂವಿನ ಚಿತ್ರವಿದ್ದ 146 ಸೆಂಟಿಮೀಟರಿನ ಒಂದು ಜೊತೆ ಸ್ಕೀ ತೆಗೆದು, "ಇದು ಲೇಡೀಸ್" ಎಂದು ನನ್ನ ಮುಂದಿಟ್ಟ. ಬಲಗಡೆಯ ಸಾಲಿನಿಂದ ಕಪ್ಪು ಬಣ್ಣದ 160ರ ಜೊತೆ ನಮ್ಮವರಿಗೆ. ಸ್ಕ್ರೂಡ್ರೈವರ್ ಹಿಡಿದು ಏನೋ ತಿರುಗಿಸಿದ. ಮುಗಿಯಿತು. ನನ್ನ ಎತ್ತರ 168, ನಮ್ಮವರದು 163. ನಾವಿಬ್ಬರೂ ಅವನ ಎದುರಿಗೇ ಪಕ್ಕಪಕ್ಕದಲ್ಲಿ ನಿಂತಿದ್ದೆವು. ಅವನ ಕಣ್ಣಿಗೆ ಕಂಡದ್ದು ಒಬ್ಬ ಹೆಂಗಸು, ಒಬ್ಬ ಗಂಡಸು.

ಮೊದಲ ದಿನ ನಾನು ಸ್ವಲ್ಪ ವಾಲಿದರೂ ಸಾಕು, ಬೂಟು ಸ್ಕೀಯಿಂದ ಕಳಚಿಕೊಳ್ಳುತ್ತಿತ್ತು. ಒಂದು ಕಾಲಿನ ಸ್ಕೀ ಒಂದು ಕಡೆ, ನಾನು ಇನ್ನೊಂದು ಕಡೆ. ಹಿಮ ಗಟ್ಟಿಯಾಗಿದ್ದ ಕಡೆ ಮುಂಭಾಗ ಪಟಪಟ ಬಡಿದುಕೊಳ್ಳುತ್ತಿತ್ತು. ತಿರುಗಲು ಹೋದರೆ ಹಿಡಿತವಿಲ್ಲದೆ ಅಡ್ಡಕ್ಕೆ ಜಾರುತ್ತಿತ್ತು. ನಮ್ಮವರ ಕತೆ ಇದಕ್ಕೆ ಪೂರ್ತಿ ತಿರುಗುಮುರುಗು. ಅವರ ಸ್ಕೀ ತಿರುಗುತ್ತಲೇ ಇರಲಿಲ್ಲ. ಕೋಪಿಸಿಕೊಂಡ ಎತ್ತಿನ ಹಾಗೆ ನೇರ ಹೋಗಿ ಬೇಲಿಗೆ ಗುದ್ದುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ನಿಧಾನವಾಗಿಯೇ ಬಿದ್ದರು. ಕಾಲು ಮಾತ್ರ ಸ್ಕೀಯಿಂದ ಬಿಡಿಸಿಕೊಳ್ಳಲಿಲ್ಲ, ಮೊಣಕಾಲು ತಿರುಚಿತು. ದೇವರ ದಯೆ, ರಾತ್ರಿ ಬಿಸಿನೀರಿನ ಶಾಖಕ್ಕೆ ಇಳಿಯುವಷ್ಟೇ ನೋವು.

ಆ ರಾತ್ರಿ ಮಗಳು ಪಾಠ ಮಾಡಿದಳು. ಸ್ಕೀ ಎನ್ನುವುದು ಬರೀ ಜಾರುವ ಹಲಗೆಯಲ್ಲ, ಬಿಲ್ಲು. ಅಂಚಿನ ಮೇಲೆ ನಿಂತು ಭಾರ ಹಾಕಿದಾಗ ಅದು ಬಾಗಬೇಕು, ಬಾಗಿದರೆ ತಿರುಗುತ್ತದೆ. ಗಡಸು ಸ್ಕೀಯ ಮೇಲೆ ಹಗುರ ಮನುಷ್ಯ ನಿಂತರೆ ಬಿಲ್ಲು ಬಾಗುವುದಿಲ್ಲ. ಮೆದು ಸ್ಕೀಯ ಮೇಲೆ ಭಾರದ ಮನುಷ್ಯ ನಿಂತರೆ ಅತಿಯಾಗಿ ಬಾಗಿ ಹಿಡಿತ ತಪ್ಪುತ್ತದೆ. ಹೆಂಗಸರ ಸ್ಕೀ ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಒಳಗಿನ ಮರ ಹಗುರ, ಲೋಹದ ತಗಡು ಕಡಿಮೆ ಅಥವಾ ಇಲ್ಲವೇ ಇಲ್ಲ, ಬಾಗುವ ಗುಣ ಹೆಚ್ಚು, ಉದ್ದ ಕಡಿಮೆ. ಬೂಟು ಕೂರುವ ಜಾಗವನ್ನು ಒಂದೆರಡು ಸೆಂಟಿಮೀಟರು ಮುಂದಕ್ಕೆ ತಂದಿರುವುದೂ ಉಂಟು. ಎಲ್ಲವೂ ಒಳ್ಳೆಯ ಗುಣಗಳೇ. 54 ಕಿಲೋ ತೂಕದವರಿಗೆ!

ನನ್ನನ್ನು ಹೆಚ್ಚು ಕೆರಳಿಸಿದ್ದು ಸ್ಕ್ರೂಡ್ರೈವರಿನ ವಿಷಯ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿನಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ, ಅದರೊಳಗೆ ಒಂದು ಅಂಕೆ. ಬಿದ್ದಾಗ ಎಷ್ಟು ಬಲಕ್ಕೆ ಬೂಟು ಕಳಚಿಕೊಳ್ಳಬೇಕು ಎಂಬುದನ್ನು ಆ ಅಂಕೆ ತೀರ್ಮಾನಿಸುತ್ತದೆ. ಅದನ್ನು ಕಣ್ಣಂದಾಜಿನಲ್ಲಿ ಇಡುವುದಲ್ಲ, ಅದಕ್ಕೊಂದು ಅಂತಾರಾಷ್ಟ್ರೀಯ ಪಟ್ಟಿಯೇ ಇದೆ. ಪಟ್ಟಿ ಕೇಳುವುದು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಮತ್ತೆ ನೀವು ಎಷ್ಟು ಪಳಗಿದವರು ಎಂಬುದು. ಐವತ್ತು ದಾಟಿದವರಿಗೆ ಒಂದು ಮೆಟ್ಟಿಲು ಇಳಿಸಬೇಕು. ನಮ್ಮವರಿಗೆ 52. ಅಷ್ಟೆಲ್ಲ ಕೇಳುವ ಪಟ್ಟಿಯಲ್ಲಿ ಹೆಣ್ಣೋ ಗಂಡೋ ಎಂಬ ಕಾಲಂ ಇಲ್ಲ. ನಾವು ಕಾಸರಗೋಡಿನ ಕನ್ನಡಿಗರು ಅರ್ಜಿ ನಮೂನೆಗಳಲ್ಲಿ ಬೇಕಾದ ಕಾಲಂ ಇಲ್ಲದೆ ಒದ್ದಾಡಿದವರು. ಒಂದು ಕಾಲಂ ಇಲ್ಲದಿರುವುದು ಕಂಡು ನನಗೆ ಸಂತೋಷವಾದದ್ದು ಇದೇ ಮೊದಲು.

ಮಾರನೆಯ ಬೆಳಿಗ್ಗೆ ಹುಡುಗನನ್ನು ಕೇಳಿದೆ, ನನ್ನ ತೂಕ ಎಷ್ಟೆಂದು ಹಿಡಿದು ಅಂಕೆ ಇಟ್ಟೆ ಎಂದು. ಅವನು ನೆಲ ನೋಡಿ, "ದೀದಿ, ಹೆಂಗಸರ ತೂಕ ಹೇಗೆ ಕೇಳುವುದು?" ಎಂದ. ಅವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ನಮ್ಮ ಮನೆಯಲ್ಲಿ ಗಂಡು ಮಕ್ಕಳಿಗೆ ಕಲಿಸಿದ್ದೂ ಅದನ್ನೇ ಅಲ್ಲವೇ? ಆದರೆ ಆವತ್ತಿನಿಂದ ನನಗೆ ಗಟ್ಟಿಯಾಗಿ ಅನಿಸಿದೆ: ಅಂಗಡಿಗಳಲ್ಲಿ "ಲೇಡೀಸ್" ಎಂಬ ಚೀಟಿ ಬದುಕಿರುವುದು ಬಹುಮಟ್ಟಿಗೆ ಈ ನಾಚಿಕೆಯಿಂದ. ಎತ್ತರ, ತೂಕ, ಕಾಲಿನ ಬಲ ಎಂದು ಮೂರು ಪ್ರಶ್ನೆ ಕೇಳುವ ಬದಲು ಮುಖ ನೋಡಿ ಒಂದು ಸಾಲಿಗೆ ಕೈ ಹಾಕಿದರೆ ಆಯಿತು. ಸರಾಸರಿ ಲೆಕ್ಕದಲ್ಲಿ ಹೆಂಗಸರು ಗಂಡಸರಿಗಿಂತ ಹಗುರ ಎಂಬುದು ನಿಜ. ಹಾಗಾಗಿ ಹತ್ತರಲ್ಲಿ ಆರೇಳು ಸಲ ಅಂದಾಜು ಸರಿಯಾಗಬಹುದು. ಉಳಿದ ಮೂರು ನಾಲ್ಕು ಸಲ ನನ್ನಂಥವಳೋ ನಮ್ಮವರಂಥವರೋ ಅಂಗಡಿಗೆ ಬರುತ್ತಾರೆ.

ನಾವು ಸ್ಕೀ ಅದಲು ಬದಲು ಮಾಡಿಕೊಳ್ಳುತ್ತೇವೆ ಎಂದೆ. ಹುಡುಗ ನಕ್ಕ. ನಕ್ಕದ್ದಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ನಮ್ಮವರು. ನೇರಳೆ ಹೂವು! ಅಡಿಕೆ ಸೊಸೈಟಿಯವರು ಯಾರಾದರೂ ಫೋಟೋ ನೋಡಿದರೆ ಏನು ಗತಿ? ಮೊಣಕಾಲು ಮುಖ್ಯವೋ ಸೊಸೈಟಿ ಮುಖ್ಯವೋ ಎಂದು ಮಗಳು ಗದರಿದ ಮೇಲೆ ಒಪ್ಪಿದರು. ಬೈಂಡಿಂಗನ್ನು ಬೂಟಿಗೆ ಹೊಂದಿಸಿ, ಪಟ್ಟಿ ನೋಡಿ ಅಂಕೆ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ನಮ್ಮವರು ಸ್ಕೀಗಳ ಮೂತಿ ಕೂಡಿಸಿ ಹಿಂಭಾಗ ಅಗಲಿಸಿ ನಿಲ್ಲುವ ಉಪಾಯ ಕಲಿತು, ಇಳಿಜಾರಿನಲ್ಲಿ ಬೇಕಾದಲ್ಲಿ ತಿರುಗಿಸುತ್ತಿದ್ದರು. ನಾನು 160ರ ಮೇಲೆ ನಿಂತು ಮೊದಲ ಸಲ ಬೀಳದೆ ಕೆಳಗೆ ಮುಟ್ಟಿದೆ.

ಹಾಗಾದರೆ ಹೆಂಗಸರಿಗೆಂದೇ ಏನೂ ಬೇಡವೇ? ಬೇಕು. ನನಗೆ ಬೇಕಾಗಿದ್ದದ್ದು ಬೂಟು, ಅದು ಸಿಗಲಿಲ್ಲ. ನನ್ನ ಅಳತೆಗೆ ಹೆಂಗಸರ ಬೂಟು ಮುಗಿದಿದೆ ಎಂದು ಗಂಡಸರದ್ದು ಕೊಟ್ಟಿದ್ದರು. ಹೆಂಗಸರ ಮೀನಖಂಡ ಸಾಮಾನ್ಯವಾಗಿ ಕೆಳಗಿನಿಂದಲೇ ತುಂಬಿಕೊಂಡಿರುತ್ತದೆ. ಗಂಡಸರ ಬೂಟಿನ ಎತ್ತರದ ಕುತ್ತಿಗೆ ಸರಿಯಾಗಿ ಆ ದಪ್ಪ ಜಾಗಕ್ಕೇ ಬಂದು ಒತ್ತುತ್ತದೆ. ನಾಲ್ಕು ದಿನವೂ ರಾತ್ರಿ ಕಾಲಿನ ಸುತ್ತ ಕೆಂಪು ಬಳೆಯಂಥ ಗೆರೆ. ಹೆಂಗಸರ ಬೂಟಿನಲ್ಲಿ ಕುತ್ತಿಗೆ ತಗ್ಗಿಸಿ ಅಗಲ ಮಾಡಿರುತ್ತಾರೆ, ಹಿಮ್ಮಡಿ ಕಿರಿದಾಗಿಸಿರುತ್ತಾರೆ. ಸ್ಕೀ ನಮ್ಮ ಮೈಯನ್ನು ಮುಟ್ಟುವುದೇ ಇಲ್ಲ, ಬೂಟು ಮುಟ್ಟುತ್ತದೆ. ಚಪ್ಪಲಿ ಅಂಗಡಿಯಲ್ಲಿ ನಮಗೆ ಬೇರೆ ಸಾಲು ಬೇಕು, ಅಂಗಡಿಯ ಮೆಟ್ಟಿಲು ಬೇರೆ ಬೇಕಾಗಿಲ್ಲ.

ಮೊಣಕಾಲಿನ ವಿಷಯ ಬಂದಾಗ ನಾನು ಸ್ವಲ್ಪ ತಗ್ಗುತ್ತೇನೆ. ಹವ್ಯಾಸಕ್ಕೆ ಸ್ಕೀ ಮಾಡುವವರಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಸೊಂಟದ ಅಗಲವೋ, ಸ್ನಾಯುಗಳ ಬಲವೋ, ಹಾರ್ಮೋನೋ, ಸಲಕರಣೆಯೋ ಎಂಬಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಈಗಿನ ಬೈಂಡಿಂಗ್ ರೂಪುಗೊಂಡದ್ದೇ ಮೊಣಕಾಲಿನ ಕೆಳಗಿನ ಮೂಳೆ ಮುರಿಯದಂತೆ ಕಾಯಲು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿದೆ, ಮೊಣಕಾಲಿನ ಒಳಗನ್ನು ಕಾಯುವುದು ಅದರ ಲೆಕ್ಕದಲ್ಲಿ ಇರಲಿಲ್ಲ. ಹೆಂಗಸರಿಗಾಗಿ ಸಂಶೋಧನೆಗೆ ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಲಿ. ಹೂವಿನ ಚಿತ್ರಕ್ಕಲ್ಲ.

ಹೆಂಗಸರಿಗೆ ಬೇರೆ ಸ್ಕೀ ಬೇಕೆಂಬ ಬೇಡಿಕೆ ಶುರುವಾದದ್ದು ಚಿತ್ರಕ್ಕಾಗಿ ಅಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಜೀನಿ ಥೋರೆನ್ ಎಂಬವರು ಹೆಂಗಸರ ದೇಹದ ಭಾರಕೇಂದ್ರ ಬೇರೆ, ಆದ್ದರಿಂದ ಬೈಂಡಿಂಗನ್ನು ಮುಂದಕ್ಕೆ ಸರಿಸಿ ಎಂದು ದಶಕಗಟ್ಟಲೆ ಹೋರಾಡಿದವರು. ಗಂಡಸರ ಭಾರದ ಸ್ಕೀಯನ್ನೇ ಎಲ್ಲರಿಗೂ ಕೊಡುತ್ತಿದ್ದ ಕಾಲದಲ್ಲಿ ಅದು ಕ್ರಾಂತಿಯೇ. ಆಮೇಲೆ ಕಂಪನಿಗಳು ಅದನ್ನು ಹಿಡಿದುಕೊಂಡು, ಕೆಲವರು ಅದೇ ಅಚ್ಚಿನ ಸ್ಕೀಗೆ ಮೇಲಿನ ಚಿತ್ರ ಮಾತ್ರ ಬದಲಾಯಿಸಿ ಇನ್ನೊಂದು ಹೆಸರಿನಲ್ಲಿ ಮಾರಿದರು. ಕುಗ್ಗಿಸಿ ಗುಲಾಬಿ ಬಳಿದದ್ದು ಎಂದು ಅಲ್ಲಿನ ಹೆಂಗಸರೇ ಅದನ್ನು ಗೇಲಿ ಮಾಡುತ್ತಾರೆ. ಇನ್ನು ಸ್ಪರ್ಧೆಯಲ್ಲಂತೂ ನಿಯಮವೇ ಬೇರೆ: ವಿಶ್ವಕಪ್ಪಿನಲ್ಲಿ ಕಂಬಗಳ ನಡುವೆ ತಿರುತಿರುಗಿ ಇಳಿಯುವ ಸ್ಲಾಲಮ್‌ನಲ್ಲಿ ಗಂಡಸರ ಸ್ಕೀ ಕನಿಷ್ಠ 165 ಸೆಂಟಿಮೀಟರು, ಹೆಂಗಸರದ್ದು 155. ಅಮೆರಿಕದ ಲಿಂಡ್ಸೆ ವಾನ್ ಮಾತ್ರ ಗಂಡಸರ ಸ್ಕೀ ಹಾಕಿಕೊಂಡೇ ಹೆಂಗಸರ ಅತಿವೇಗದ ಡೌನ್‌ಹಿಲ್ ಓಟಗಳಲ್ಲಿ ಇಳಿದವರು. 2012ರಲ್ಲಿ ಕೆನಡಾದ ಲೇಕ್ ಲೂಯಿಸ್‌ನಲ್ಲಿ ಗಂಡಸರ ಜೊತೆಗೇ ಸ್ಪರ್ಧಿಸಲು ಬಿಡಿ ಎಂದು ಕೇಳಿದಾಗ ಅಂತಾರಾಷ್ಟ್ರೀಯ ಸ್ಕೀ ಫೆಡರೇಶನ್ ಒಪ್ಪಲಿಲ್ಲ. ಸ್ಕೀ ಗಂಡಸರದ್ದಾಗಬಹುದು, ಓಟ ಆಗಬಾರದು!

ನನ್ನ ವಾದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಸ್ಕೀಯದೇ ಇನ್ನೊಂದು ಬಗೆಯ ಆಟದಲ್ಲಿ. ಪಾಣತ್ತೂರಿನ ಘಟ್ಟ ಹತ್ತಿದರೆ ನಮಗೆ ಕೊಡಗು. ಆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಲ್ಲಿ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಹಿಮವೇ ಬೀಳದ ಊರಿನವರು ಎಂಬುದನ್ನು ನೆನೆದಾಗ ನನಗೆ ರೋಮಾಂಚನ. ಕ್ರಾಸ್‌ಕಂಟ್ರಿ ಎಂದರೆ ಇಳಿಜಾರಿನಲ್ಲಿ ಜಾರುವುದಲ್ಲ, ಹಿಮದ ಮೇಲೆ ಮೈಲಿಗಟ್ಟಲೆ ನಡೆದು ತಳ್ಳಿಕೊಂಡು ಹೋಗುವುದು. ಅಲ್ಲಿನ ಹಳೆಯ ಶೈಲಿಯ ಸ್ಕೀ ಕೊಳ್ಳುವಾಗ ಒಂದು ಕಾಗದದ ಪರೀಕ್ಷೆ ಮಾಡುತ್ತಾರೆ. ಸಮತಟ್ಟು ನೆಲದಲ್ಲಿ ಎರಡೂ ಸ್ಕೀಗಳ ಮೇಲೆ ನಿಲ್ಲಬೇಕು. ಪಾದದ ಕೆಳಗೆ ತೂರಿಸಿದ ಕಾಗದ ಸಲೀಸಾಗಿ ಓಡಾಡಬೇಕು. ಭಾರವನ್ನೆಲ್ಲ ಒಂದೇ ಕಾಲಿಗೆ ಹಾಕಿದಾಗ ಕಾಗದ ಸಿಕ್ಕಿಕೊಳ್ಳಬೇಕು. ಅಷ್ಟೇ. ನಿಮ್ಮ ತೂಕಕ್ಕೆ ಸ್ಕೀ ಹೊಂದಿತು. ಇಲ್ಲಿ ಯಾರೂ ನಾಚುವಂತಿಲ್ಲ, ಕಾಗದ ಹೇಳಿಬಿಡುತ್ತದೆ.

ಊರಿಗೆ ಬಂದ ಮೇಲೆ ಇದನ್ನೆಲ್ಲ ತೆಂಗಿನಕಾಯಿ ಕೊಯ್ಯಲು ಬರುವ ಅಕ್ಕನಿಗೆ ಹೇಳಿದೆ. ಅವರು ಮರ ಹತ್ತುವ ಯಂತ್ರದ ತರಬೇತಿ ಪಡೆದವರು. ಕಣ್ಣೂರಿನ ಚೆಂಬೇರಿಯಲ್ಲಿ ಹುಟ್ಟಿದ ಆ ಯಂತ್ರಕ್ಕೆ ಬೀಳದಂತೆ ಹಿಡಿಯುವ ಸುರಕ್ಷತಾ ಜೋಡಣೆ ಸೇರಿಸಿದ್ದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ. ಎರಡು ಕಬ್ಬಿಣದ ಚೌಕಟ್ಟು, ಎರಡು ಕಾಲಿಗೆ ಎರಡು ಮೆಟ್ಟು, ಮರವನ್ನು ಸುತ್ತುವ ತಂತಿ ಹಗ್ಗ. ನೋಡಿದರೆ ಅದೂ ಸ್ಕೀಯ ದಾಯಾದಿಯೇ: ಕಾಲಿಗೆ ಕಟ್ಟಿಕೊಂಡದ್ದರ ಮೇಲೆ ಮೈಭಾರವನ್ನೆಲ್ಲ ನಂಬಿ ಬಿಡುವುದು. ಹೆಂಗಸರಿಗೆಂದು ಬೇರೆ ಯಂತ್ರ ಬೇಕೇ ಎಂದು ಕೇಳಿದೆ. ಅವರು ಯೋಚಿಸಿ ಹೇಳಿದ್ದು: ಮೆಟ್ಟಿನ ಪಟ್ಟಿ ನನ್ನ ಪಾದಕ್ಕೆ ಸಡಿಲ, ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡಿದ್ದೇನೆ, ಹತ್ತುವುದು ಕಷ್ಟವಿಲ್ಲ, ಅದನ್ನು ಹೊತ್ತುಕೊಂಡು ಮರದಿಂದ ಮರಕ್ಕೆ ತೋಡು, ಅಗಳು ದಾಟುವುದೇ ಸೊಂಟ ಮುರಿಯುವ ಕೆಲಸ. ಹಗುರ ಮಾಡಿದರೆ ತನ್ನ ಗಂಡನೂ ಅದನ್ನೇ ಕೇಳಿಯಾನು ಎಂದರು.

ಹಾಗೆಂದು "ಎಲ್ಲರಿಗೂ ಒಂದೇ" ಎಂಬ ಮಾತನ್ನೂ ನಾನು ನಂಬುವುದಿಲ್ಲ. ಎಲ್ಲರಿಗೂ ಎಂದು ಮಾಡಿದ್ದು ಹೆಚ್ಚಾಗಿ ಗಂಡಸಿನ ಅಳತೆಗೇ ಆಗಿರುತ್ತದೆ. ಕಾರಿನ ಅಪಘಾತ ಪರೀಕ್ಷೆಯ ಹೆಣ್ಣು ಗೊಂಬೆಗಳು ಬಹುಕಾಲ ಗಂಡು ಗೊಂಬೆಯನ್ನೇ ಕುಗ್ಗಿಸಿದವು. ಸರಾಸರಿ ಹೆಣ್ಣಿನ ಮೈಕಟ್ಟಿನ, 162 ಸೆಂಟಿಮೀಟರು ಎತ್ತರದ, 62 ಕಿಲೋ ತೂಕದ ಗೊಂಬೆಯನ್ನು ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಅವರ ತಂಡ ಜನರ ಮುಂದಿಟ್ಟದ್ದು 2022ರಲ್ಲಿ. ಆದ್ದರಿಂದ ನಾಳೆಯೇ ಲೇಡೀಸ್ ಸಾಲು ಕಿತ್ತುಹಾಕಿ ಎಂದು ನಾನು ಹೇಳಲಾರೆ. ಹಾಗೆ ಮಾಡಿದರೆ 45 ಕಿಲೋದ ಹುಡುಗಿಗೂ 160ರ ಕಪ್ಪು ಸ್ಕೀ ಕೊಟ್ಟು ಕಳಿಸುತ್ತಾರೆ. ಹಗುರ, ಮೆದು, ಗಿಡ್ಡ ಸ್ಕೀಗಳು ಅಂಗಡಿಯಲ್ಲಿ ಇರಲಿ, ಇನ್ನೂ ಹೆಚ್ಚೇ ಇರಲಿ. ಅವುಗಳ ಮೇಲೆ ಕಿಲೋ ಬರೆದಿರಲಿ ಎಂಬುದಷ್ಟೇ ನನ್ನ ತಕರಾರು.

(ಲೇಡೀಸ್ ಸೈಕಲ್ಲಿಗೆ ನಡುವಿನ ದಂಡ ಇಲ್ಲದಿರುವುದು ಹೆಂಗಸರ ಲಂಗಕ್ಕಾಗಿಯಂತೆ. ಅದೇ ತರ್ಕವಾದರೆ ಮುಂಡು ಉಟ್ಟುಕೊಂಡು ಓಡಾಡುವ ನಮ್ಮೂರಿನ ಗಂಡಸರೆಲ್ಲ ಲೇಡೀಸ್ ಸೈಕಲ್ಲನ್ನೇ ಹತ್ತಬೇಕಿತ್ತು. ನನ್ನ ಮಾವ ದಂಡವಿದ್ದ ಸೈಕಲ್ಲಿಗೆ ಕಾಲು ಹಾಕಲು ಮುಂಡು ಎತ್ತಿ ಕಟ್ಟುತ್ತಿದ್ದ ಪರಿ ಈಗಲೂ ಕಣ್ಣ ಮುಂದಿದೆ.)

ಬರುವ ಚಳಿಗಾಲಕ್ಕೆ ಮತ್ತೆ ಹೋಗುವುದಿದೆ. ಮಗಳು ನಮ್ಮಿಬ್ಬರಿಗೂ ಒಂದೊಂದು ಚೀಟಿ ಬರೆದುಕೊಟ್ಟಿದ್ದಾಳೆ; ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮಿಲಿಮೀಟರಿನಲ್ಲಿ. ಕೇಳಲು ನಾಚುವವರ ಕೈಗೆ ಅದನ್ನೇ ಕೊಟ್ಟರಾಯಿತು. ಆಧಾರ್ ಕಾರ್ಡಿನ ಪ್ರತಿಯ ಜೊತೆ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನಿನ್ನೆ ನೋಡುವಾಗ ನಮ್ಮವರ ಚೀಟಿಯ ಕೆಳಗೆ ಅವರದೇ ಕೈಬರಹದಲ್ಲಿ ಒಂದು ಸಾಲು ಸೇರಿಕೊಂಡಿತ್ತು: "ಬಣ್ಣ ಯಾವುದಾದರೂ ಆಗಬಹುದು. ಹೂವು ಬೇಡ."