ದಣಪೆಯಾಚೆಯ ಕೆಮ್ಮು

ಶಿರಸಿ ಕಡೆಯ ಹಳ್ಳಿಮನೆಗಳಿಗೆ ಕತ್ತಲಾದ ಮೇಲೆ ಬರುವವರು ದಣಪೆ (ಬೇಲಿಯ ಅಡ್ಡಗಳದ ಬಾಗಿಲು) ದಾಟುವಾಗ ಒಮ್ಮೆ ಕೆಮ್ಮುತ್ತಾರೆ. ಕಫ ಕಟ್ಟಿದ್ದಕ್ಕಲ್ಲ. ಜಗಲಿಯಿಂದ ‘ಯಾರದು?’ ಎಂದು ಕೇಳಿದರೆ ಸಿಗುವ ಉತ್ತರ ‘ಆನು’, ಅಂದರೆ ‘ನಾನು’. ಯಾರೇ ಬಂದರೂ ‘ಆನು’ವೇ ಆದ್ದರಿಂದ ಅದರಿಂದ ತಿಳಿಯುವುದೇನೂ ಇಲ್ಲ. ಕೆಮ್ಮಿನ ಧಾಟಿ ಕೇಳಿಯೇ ಕೆಳಮನೆಯವರೋ, ತೋಟದಾಚೆಯ ಭಾವನೋ ಎಂದು ಒಳಗಿನವರು ಲೆಕ್ಕ ಹಾಕಿ ಚಹಾಕ್ಕೆ ನೀರಿಡುತ್ತಾರೆ.

ಮನೆಯ ದೀಪ, ಫ್ಯಾನು, ಪಂಪುಗಳನ್ನು ಫೋನಿಗೆ ಜೋಡಿಸುವ ಇಎಸ್‌ಪಿ32 ಬೋರ್ಡುಗಳದ್ದೂ ಇದೇ ಪಾಡು. ಜಗಲಿಗೊಂದು, ಅಡುಗೆಮನೆಗೊಂದು, ಮೆತ್ತಿಗೊಂದು (ಮಹಡಿಗೆ), ಬಾವಿಯ ಪಂಪಿಗೊಂದು ಎಂದು ನಾಲ್ಕಕ್ಕೂ ಒಂದೇ ಪ್ರೋಗ್ರಾಮ್ ತುಂಬಿ ಕರೆಂಟ್ ಕೊಟ್ಟರೆ ಫೋನಿನ ಪರದೆಯ ಮೇಲೆ ನಾಲ್ಕೂ ‘ಆನು’ ಅನ್ನುತ್ತವೆ. ಬೇರೆಬೇರೆ ಕಂಪನಿಗಳ ಮನೆ ಉಪಕರಣಗಳು ಒಂದೇ ಭಾಷೆಯಲ್ಲಿ ಮಾತಾಡಲೆಂದು ಮಾಡಿದ ಮ್ಯಾಟರ್ ಪದ್ಧತಿಯಲ್ಲಿ ಇವನ್ನು ಬೇರೆಬೇರೆ ಮಾಡಲೆಂದೇ ಡಿಸ್ಕ್ರಿಮಿನೇಟರ್ ಎಂಬ 12 ಬಿಟ್‌ನ ಸಂಖ್ಯೆಯಿದೆ, 0ಯಿಂದ 4095ರವರೆಗೆ. ಮಾದರಿ ಪ್ರೋಗ್ರಾಮುಗಳಲ್ಲಿ ಅದು 3840, ಜೋಡಣೆಯ ಗುಟ್ಟಿನ ಸಂಖ್ಯೆಯಾದ ಪಾಸ್‌ಕೋಡ್ 20202021. ಎರಡನ್ನೂ ಹಾಗೇ ಬಿಟ್ಟವರ ಮನೆಯಲ್ಲಿ ಫೋನು ಮೊದಲು ಕೈಗೆ ಸಿಕ್ಕಿದ ಬೋರ್ಡಿನ ಕೊರಳಿಗೆ ಮಾಲೆ ಹಾಕುತ್ತದೆ.

ಜಾಣರು ಸಂಖ್ಯೆ ಬದಲಿಸುತ್ತಾರೆ: 3841, 3842, 3843. ಆದರೂ ಗೊಂದಲ ಹೋಗುವುದಿಲ್ಲ. ಜೋಡಣೆಗೆ ಫೋನು ಓದುವ ಕ್ಯೂಆರ್ ಚಿತ್ರದಲ್ಲಿ ಹನ್ನೆರಡೂ ಬಿಟ್ ಇರುತ್ತವೆ. ಕೈಯಲ್ಲಿ ಒತ್ತುವ 11 ಅಂಕಿಯ ಕೋಡಿನೊಳಗೆ ಮೇಲಿನ 4 ಬಿಟ್‌ಗೆ ಮಾತ್ರ ಜಾಗ. ಹಾಗಾಗಿ 3840ರಿಂದ 4095ರವರೆಗಿನ 256 ಸಂಖ್ಯೆಗಳೂ ಆ ಕೋಡಿನ ಕಣ್ಣಿಗೆ ಒಂದೇ ಮನೆತನ. ಬೋರ್ಡಿನಿಂದ ಬೋರ್ಡಿಗೆ 256ರ ಅಂತರ ಕೊಡಬೇಕು: 256, 512, 768, 1024. ಪಾಸ್‌ಕೋಡನ್ನೂ ಬೇರೆಬೇರೆ ಇಟ್ಟರೆ ತಪ್ಪು ಬೋರ್ಡಿನ ಜತೆ ಜೋಡಣೆ ಆಗುವುದೇ ಇಲ್ಲ. ಬೋರ್ಡಿನ ಬೆನ್ನಿಗೊಂದು ಕೋಡಿನ ಚೀಟಿ ಅಂಟಿಸಿಡಿ. ಮಳೆಗಾಲದ ತೇವಕ್ಕೆ ಶಾಯಿ ಹರಡದಂತೆ ಮೇಲೊಂದು ಸೆಲೋ ಟೇಪು.

ಇಷ್ಟು ಹೆಸರಿನ ಮಾತು. ಕೆಮ್ಮುವ ವಿದ್ಯೆಗೆ ಐಡೆಂಟಿಫೈ ಎಂದು ಹೆಸರು. ಜಿಗ್‌ಬೀ ಎಂಬ ಹಳೆಯ ನಿಸ್ತಂತು ಪದ್ಧತಿಯಿಂದ ಮ್ಯಾಟರ್‌ಗೆ ಬಂದ ಬಳುವಳಿ ಅದು. ಉಪಕರಣದ ಒಂದೊಂದು ಕೆಲಸದ ಆಜ್ಞೆ, ಮೌಲ್ಯಗಳ ಕಟ್ಟಿಗೆ ಕ್ಲಸ್ಟರ್ ಎನ್ನುತ್ತಾರೆ; ಎರಡರಲ್ಲೂ ಇದರ ಕ್ಲಸ್ಟರ್ ಸಂಖ್ಯೆ 3. ಫೋನು ‘10 ಸೆಕೆಂಡು ಗುರುತು ತೋರಿಸು’ ಎಂದು ಕಳಿಸುತ್ತದೆ, ಉಪಕರಣ ಸೆಕೆಂಡಿಗೊಂದರಂತೆ ಇಳಿಎಣಿಕೆ ಮಾಡುತ್ತ ಸೊನ್ನೆ ಬರುವವರೆಗೆ ಮಿನುಗುತ್ತದೆ. ನಡುವೆ ಫೋನೇ ಸೊನ್ನೆ ಕಳಿಸಿದರೆ ತಕ್ಷಣ ಸುಮ್ಮನಾಗಬೇಕು. ಆಪಲ್‌ನದೇ ಮನೆ ಉಪಕರಣಗಳ ಪದ್ಧತಿಯಾದ ಹೋಮ್‌ಕಿಟ್‌ನಲ್ಲಿ ವೈಫೈ ಉಪಕರಣವನ್ನು ಜೋಡಣೆಗೆ ಮುಂಚೆಯೇ ಹೀಗೆ ಕೆಮ್ಮಿಸಬಹುದು. ಮ್ಯಾಟರ್ ಇನ್ನಷ್ಟು ಬಿಗುಮಾನದ್ದು, ಕೋಡ್ ಒಪ್ಪಿ ಗುಪ್ತ ಮಾತುಕತೆ ಕುದುರಿದ ಮೇಲೆಯೇ ಬಾಯಿ ಬಿಡುತ್ತದೆ.

ಎಲ್ಲರೂ ಎಡವುವುದು ಇಲ್ಲಿ: ಗುರುತಿನ ಕರೆ ಬಂದಾಗ ಓಡುವ ಫಂಕ್ಷನ್ನಿನೊಳಗೇ (ಪ್ರೋಗ್ರಾಮಿನ ತುಣುಕು) ದೀಪ ಹಚ್ಚು, ಅರ್ಧ ಸೆಕೆಂಡು ಡಿಲೇ (ಕಾಯುವಿಕೆ), ಆರಿಸು, ಮತ್ತೆ ಡಿಲೇ ಎಂದು ಇಪ್ಪತ್ತು ಸಲ ಬರೆದುಬಿಡುವುದು. ದೀಪವೇನೋ ಚೆಂದ ಮಿನುಗುತ್ತದೆ. ಅಷ್ಟು ಹೊತ್ತೂ ಬೋರ್ಡು ಫೋನಿಗೆ ಉತ್ತರ ಕೊಡುವುದಿಲ್ಲ, ಬ್ಲೂಟೂತ್ ಕೊಂಡಿ ಕಳಚುತ್ತದೆ, ಜೋಡಣೆ ವಿಫಲ ಎಂದು ಫೋನು ಷರಾ ಬರೆಯುತ್ತದೆ. ಕೆಮ್ಮುತ್ತ ಕೆಮ್ಮುತ್ತ ಬಂದ ಕೆಲಸವನ್ನೇ ಮರೆತ ನೆಂಟನ ಹಾಗೆ. ಆ ಫಂಕ್ಷನ್ನಿನಲ್ಲಿ 250 ಮಿಲಿಸೆಕೆಂಡಿನ ಟೈಮರ್ ಒಂದನ್ನು ಶುರು ಮಾಡಿ ಕೂಡಲೇ ಹಿಂತಿರುಗಬೇಕು. ದೀಪವನ್ನು ಹಚ್ಚಿ ಆರಿಸುವುದು ಟೈಮರಿನ ಪಾಲು, ನಿಲ್ಲಿಸು ಎಂಬ ಕರೆ ಬಂದಾಗ ಟೈಮರ್ ನಿಲ್ಲಿಸುವುದಷ್ಟೇ ನಮ್ಮ ಪಾಲು.

ಎರಡನೆಯ ತಪ್ಪು ಸ್ವಲ್ಪ ನಯವಾದದ್ದು. ಮಿನುಗಿದ ಮೇಲೆ ದೀಪ ಮೊದಲಿನ ಸ್ಥಿತಿಗೆ ಮರಳಬೇಕಲ್ಲ, ಅದಕ್ಕಾಗಿ ಶುರುವಿನಲ್ಲೇ ದೀಪಕ್ಕೆ ತಂತಿ ಹೋಗುವ ಪಿನ್ನಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ಮಿನುಗುತ್ತಿರುವಾಗಲೇ ಯಾರೋ ಫೋನಿನಲ್ಲಿ ಇನ್ನೊಮ್ಮೆ ಗುರುತಿನ ಬಟನ್ ಒತ್ತಿದರೆ? ಆ ಗಳಿಗೆಯ ಅರೆಮಿನುಗು ‘ಮೊದಲಿನ ಸ್ಥಿತಿ’ಯಾಗಿ ದಾಖಲಾಗುತ್ತದೆ. ಆರಿದ್ದ ಜಗಲಿ ದೀಪ ರಾತ್ರಿಯಿಡೀ ಉರಿಯುವುದು ಹೀಗೆ. ಪಿನ್ನನ್ನು ಕೇಳಬೇಡಿ, ಆನ್-ಆಫ್ ಕ್ಲಸ್ಟರಿನಲ್ಲಿ ಬರೆದಿರುವ ಮೌಲ್ಯವನ್ನು ಓದಿ ಅದರಂತೆ ಮಾಡಿ.

ಪಂಪಿನ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಪಂಪಿನ ಸ್ವಿಚ್ಚಾದ ರಿಲೇಯನ್ನೇ ಟಕ್ ಟಕ್ ಅನ್ನಿಸಿ ಗುರುತು ತೋರಿಸಬಹುದಲ್ಲ ಎಂಬ ಯೋಚನೆ ಬಂದೇ ಬರುತ್ತದೆ. ಮೋಟಾರು ಶುರುವಾಗುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು. ಅರ್ಧ ಸೆಕೆಂಡಿಗೊಮ್ಮೆ ಹಾಗೆ ಎಳೆಸಿದರೆ ರಿಲೇಯ ಒಳಗಿನ ಸಂಪರ್ಕಗಳು ಬೆಸೆದುಕೊಂಡು ಪಂಪು ನಿಲ್ಲುವುದೇ ಇಲ್ಲ. ಅಲ್ಲಿಗೆ ಬೇರೆ ದೀಪವೋ ಬಜರೋ ಬೇಕು. ಕೆಂಪು ಎಲ್‌ಇಡಿಗೆ 330 ಓಮ್ ರೆಸಿಸ್ಟರ್ ಹಾಕಿದರೆ 3.3 ವೋಲ್ಟಿನಲ್ಲಿ ಸುಮಾರು 4 ಮಿಲಿಆಂಪಿಯರ್ ಹರಿಯುತ್ತದೆ, ಸಾಕು. ಮೂಲ ಇಎಸ್‌ಪಿ32ರ 34ರಿಂದ 39ರ ಪಿನ್ನುಗಳಿಗೆ ಮಾತ್ರ ಹಾಕಬೇಡಿ. ಅವು ಕೇಳಿಸಿಕೊಳ್ಳುವ ಪಿನ್ನುಗಳು, ಮಾತಾಡುವವಲ್ಲ; 6ರಿಂದ 11 ಫ್ಲ್ಯಾಷ್ ಮೆಮೊರಿಯ ಸೊತ್ತು. ಬಜರಿಗೆ ಪಿನ್ನಿನಿಂದ ನೇರವಾಗಿ ಕರೆಂಟು ಎಳೆಯದೆ ನಡುವೆ ಒಂದು BC547 ಟ್ರಾನ್ಸಿಸ್ಟರ್, ಅದರ ಬೇಸ್‌ಗೆ 1 ಕಿಲೋಓಮ್. ಕಾರವಾರ, ಅಂಕೋಲಾದಂಥ ಕಡಲ ಮಗ್ಗುಲ ಊರಾದರೆ ಪಿನ್ನುಗಳ ಮೇಲೆ ಉಪ್ಪುಗಾಳಿಗೆ ಹಸಿರು ಕಿಲುಬು ಹತ್ತುತ್ತದೆ. ಒತ್ತಿ ಕೂರಿಸುವ ತಂತಿಗಿಂತ ಬೆಸುಗೆಯೇ ಲೇಸು.

ಇನ್ನೊಂದು ತಕರಾರು, ಕರೆಂಟು ಹೋಗಿ ಬಂದಾಗಿನದು. ಆಷಾಢದಲ್ಲಿ ಇದು ದಿನದ ಕತೆ. ನಾಲ್ಕೂ ಬೋರ್ಡು ಒಟ್ಟಿಗೇ ಎದ್ದು ವೈಫೈ ಹುಡುಕುತ್ತ ಮಿನುಗುತ್ತವೆ. ಜೋಡಣೆಗೆ ಕಾಯುವಾಗಲೂ ಅದೇ ಮಿನುಗು, ಗುರುತಿಗೂ ಅದೇ ಮಿನುಗು ಎಂದರೆ ನೋಡುವವರು ಏನೆಂದು ತಿಳಿಯಬೇಕು? ಕಡಲ ಮೇಲೆ ಇದನ್ನು ಎಂದೋ ಬಗೆಹರಿಸಿಟ್ಟಿದ್ದಾರೆ. ಕಾರವಾರದೆದುರಿನ ದೇವಗಡ ನಡುಗಡ್ಡೆಯಲ್ಲಿರುವಂಥ ದೀಪಸ್ತಂಭಗಳು ತಂತಮ್ಮ ಲಯದಲ್ಲಿ ಮಿನುಗುತ್ತವೆ, ಲಯ ಎಣಿಸಿಯೇ ದೋಣಿಯವರು ಇದು ಯಾವ ದೀಪ ಎಂದು ಹೇಳುತ್ತಾರೆ. ವೈಫೈ ಇಲ್ಲದಾಗ ಮೂರು ಸೆಕೆಂಡಿಗೊಂದು ಚುಟುಕು ಮಿನುಗು, ಜೋಡಣೆಗೆ ಕಾಯುವಾಗ ನಿಧಾನ ಉಸಿರಾಟದಂತೆ ಏರಿಳಿತ, ಗುರುತಿಗೆ ಮಾತ್ರ ಅರ್ಧ ಸೆಕೆಂಡಿನ ಚುರುಕು ಮಿನುಗು ಎಂದು ಹಂಚಿದರೆ ಅಜ್ಜಿಗೂ ಗೊತ್ತಾಗುತ್ತದೆ.

ಬಾವಿಕಟ್ಟೆಯ ಬಜರಿಗೆ ಬೇರೆಯೇ ಪೈಪೋಟಿ. ಸಂಜೆ ಜೀರುಂಡೆಗಳು ಹಿಡಿದವೆಂದರೆ ಸಣ್ಣ ಬಜರಿನ ಒಂದೇ ಸಮನೆಯ ಕೀಚಲು ಅವುಗಳ ನಡುವೆ ಕರಗಿಹೋಗುತ್ತದೆ. ದನಿ ಏರಿಸಿ ಪ್ರಯೋಜನವಿಲ್ಲ. ಎರಡು ಗಿಡ್ಡ, ಒಂದು ಉದ್ದ, ಆಮೇಲೆ ಒಂದು ಸೆಕೆಂಡು ಮೌನ ಎಂದು ಬರೆದರೆ ಆ ಮೌನದಿಂದಲೇ ಕಿವಿಗೆ ಸಿಗುತ್ತದೆ; ಜೀರುಂಡೆ ಅಷ್ಟು ಲೆಕ್ಕ ಹಾಕಿ ನಿಲ್ಲಿಸುವುದಿಲ್ಲ.