ಒಬ್ಬಟ್ಟು ಮಾಡ್ತಾಳೋ, ಮಾಡ್ತಿದ್ದಾಳೋ

ಅಕ್ಕನ ಮಗ ಐದನೇ ಕ್ಲಾಸು. ಮನೆಯಲ್ಲಿ ಹಬ್ಬ ಹೇಗೆ ಮಾಡ್ತೀರಿ ಅಂತ ಇಂಗ್ಲಿಷಿನಲ್ಲಿ ಬರೆದುಕೊಂಡು ಬರಲು ಹೇಳಿದ್ದರಂತೆ. ‘ಆನ್ ಯುಗಾದಿ ಮೈ ಮದರ್ ಈಸ್ ಮೇಕಿಂಗ್ ಒಬ್ಬಟ್ಟು. ಮೈ ತಾತ ಈಸ್ ರೀಡಿಂಗ್ ಪಂಚಾಂಗ. ವಿ ಆರ್ ಈಟಿಂಗ್ ಬೇವು ಬೆಲ್ಲ.’ ಒಂದೊಂದು ‘ಈಸ್’ ಕೆಳಗೂ ಕೆಂಪು ಗೆರೆ. ನೋಟ್‌ಬುಕ್ ತಂದು ನನ್ನ ಮುಂದೆ ಹಿಡಿದು, "ಮಾಮ, ಇದರಲ್ಲಿ ತಪ್ಪೇನಿದೆ?" ಅಂದ.

ತಪ್ಪೇನೋ ನನಗೆ ಗೊತ್ತು. ವರ್ಷವರ್ಷ ನಡೆಯೋದಕ್ಕೆ ‘ಮೇಕ್ಸ್’, ಈಗ ಒಲೆ ಮುಂದೆ ನಿಂತು ಲಟ್ಟಿಸುತ್ತಿದ್ದರೆ ‘ಈಸ್ ಮೇಕಿಂಗ್’. ಆದರೆ ಅದನ್ನ ಜೋರಾಗಿ ಹೇಳೋ ಧೈರ್ಯ ಬರಲಿಲ್ಲ, ಯಾಕೆಂದರೆ ಅವತ್ತು ಬೆಳಿಗ್ಗೆ ತಾನೇ ಆಫೀಸಿನಲ್ಲಿ ಹೊಸಬರೊಬ್ಬರಿಗೆ ‘ಡೈಲಿ ಐ ಆಮ್ ಕಮಿಂಗ್ ಬೈ ಮೆಟ್ರೋ’ ಅಂತ ನಾನೇ ಹೇಳಿ ಬಂದಿದ್ದೆ.

ಪೇಪರ್ ಓದ್ತಿದ್ದ ಅಪ್ಪ ತಲೆ ಎತ್ತಿದರು. "ತಪ್ಪು ಹೇಗಾಗತ್ತೋ? ನಲವತ್ತು ವರ್ಷದಿಂದ ಪಂಚಾಂಗ ಓದ್ತಾನೇ ಇದೀನಲ್ಲ, ನಿಲ್ಲಿಸಿದ್ದು ಯಾವಾಗ?"

ಅಪ್ಪನ ಮಾತು ತೆಗೆದುಹಾಕೋ ಹಾಗಿಲ್ಲ. ನಮ್ಮಲ್ಲಿ ರೂಢಿ ಅಂದ್ರೆ ಬಿಡದೆ ನಡೆದುಕೊಂಡು ಬರ್ತಾ ಇರೋದು. ಮದುವೆ ಊಟದಲ್ಲಿ ಪಕ್ಕದ ಎಲೆಯವರು "ತಾವು ಏನ್ ಮಾಡ್ಕೊಂಡಿದೀರಿ?" ಅಂತ ಕೇಳ್ತಾರೆ. ಚಿರೋಟಿ ಪುಡಿ ಮಾಡಿಕೊಂಡು ಬಾದಾಮಿ ಹಾಲಿಗೆ ಕಾಯ್ತಾ ಇದೀನಿ ಅಂತ ಯಾರಾದರೂ ಉತ್ತರ ಕೊಡ್ತಾರಾ? ಬ್ಯಾಂಕು, ಸ್ಕೂಲು, ಅಡಿಕೆ ತೋಟ ಅಂತಾರೆ. ಅದೇ ಮನಸ್ಸಲ್ಲಿಟ್ಟುಕೊಂಡು ಇಂಗ್ಲಿಷಿಗೆ ಹೋದರೆ ‘ವಾಟ್ ಆರ್ ಯು ಡೂಯಿಂಗ್’ ತಾನಾಗಿ ಬರತ್ತೆ. ಇಂಗ್ಲಿಷಿನವನಿಗೆ ಅದು ಕಳ್ಳನನ್ನ ಹಿಡಿದ ಹಾಗೆ ಕೇಳಿಸಿದರೆ ನಾವೇನು ಮಾಡೋಣ.

ಇನ್ನೊಂದು ಕಡೆ ನಮ್ಮದೇ ಗೋಜಲಿದೆ. ‘ಮಾಡ್ತೀನಿ’ ಅನ್ನೋ ಒಂದೇ ಮಾತಲ್ಲಿ ದಿನಾ ಮಾಡೋದೂ ಇದೆ, ನಾಳೆ ಮಾಡೋದೂ ಇದೆ. ವ್ಯಾಕರಣದ ಪುಸ್ತಕದಲ್ಲಿ ಭವಿಷ್ಯತ್ತಿಗೆ ‘ಮಾಡುವೆನು’ ಅಂತ ಬೇರೆ ರೂಪ ಉಂಟು, ಆದರೆ ‘ನಾಳೆ ಬರುವೆನು’ ಅಂದರೆ ಮನೆಯವರು ಹಣೆ ಮುಟ್ಟಿ ನೋಡ್ತಾರೆ. ಇಲ್ಲ ಅನ್ನೋವಾಗ ಇನ್ನೂ ಕಷ್ಟ. ನಾನು ಕಾಫಿ ಬಿಟ್ಟು ಆರು ವರ್ಷ ಆಯ್ತು. ಯಾರ ಮನೆಗೆ ಹೋದರೂ "ನಾನು ಕಾಫಿ ಕುಡಿಯಲ್ಲ" ಅಂತೀನಿ. ನಾನು ಹೇಳಿದ್ದು ಅಭ್ಯಾಸ, ಅವರಿಗೆ ಕೇಳಿಸೋದು ಸಂಕೋಚ. "ಅಯ್ಯೋ, ಅರ್ಧ ಲೋಟ ಕುಡೀರಿ" ಅಂತ ಒಳಗೆ ಹೋಗೇಬಿಡ್ತಾರೆ. ಇಂಗ್ಲಿಷಿನಲ್ಲಾದರೆ ‘ಐ ಡೋಂಟ್’ ಬೇರೆ, ‘ಐ ವೋಂಟ್’ ಬೇರೆ. ಕುಡಿಯೋ ಅಭ್ಯಾಸವೇ ಇಲ್ಲ ಅನ್ನೋದು ಮೊದಲನೇದು, ಎಷ್ಟು ಬಲವಂತ ಮಾಡಿದರೂ ಒಲ್ಲೆ ಅನ್ನೋದು ಎರಡನೇದು. ಆ ಒಂದು ವಿಷಯದಲ್ಲಿ ಮಾತ್ರ ಇಂಗ್ಲಿಷ್ ಮೇಲೆ ನನಗೆ ಹೊಟ್ಟೆಕಿಚ್ಚು.

ಹಾಗಂತ ಇಂಗ್ಲಿಷಿನವರೂ ಹುಟ್ಟಿನಿಂದ ಇಷ್ಟು ಕರಾರುವಾಕ್ಕೇನಲ್ಲ. ಶೇಕ್ಸ್‌ಪಿಯರ್ ಸುಮಾರು 1600ರಲ್ಲಿ ಬರೆದ ‘ಹ್ಯಾಮ್ಲೆಟ್’ ನಾಟಕದಲ್ಲಿ ರಾಜಕುಮಾರ ಪುಸ್ತಕ ಹಿಡಿದು ಓದ್ತಾ ಬರ್ತಾನೆ. ಎದುರಿಗೆ ಸಿಕ್ಕ ಮುದಿ ಮಂತ್ರಿ ಪೊಲೋನಿಯಸ್ ಕೇಳೋದು ‘ವಾಟ್ ಡು ಯು ರೀಡ್’ ಅಂತ. ಪುಸ್ತಕ ಕೈಯಲ್ಲೇ ಇದೆ, ಓದು ನಡೀತಾನೇ ಇದೆ! ಇವತ್ತಿನ ಟೀಚರ್ ಕೈಗೆ ಸಿಕ್ಕಿದ್ದರೆ ಆ ಮುದುಕನಿಗೂ ಕೆಂಪು ಗೆರೆ ಬೀಳ್ತಿತ್ತು, ನಮ್ಮ ಹುಡುಗನಿಗೆ ಬಿದ್ದದ್ದರ ಉಲ್ಟಾ ಕಾರಣಕ್ಕೆ.

ಇದನ್ನೆಲ್ಲ ಹತ್ತು ವರ್ಷದ ಹುಡುಗನಿಗೆ ಹೇಳಿ ಏನು ಪ್ರಯೋಜನ? ಸುಮ್ನೆ ‘ಈಸ್’ ಹೊಡೆದುಹಾಕು, ಕೊನೆಗೆ ಒಂದು ‘ಎಸ್’ ಹಚ್ಚು ಅಂದೆ. ಬರೆದುಕೊಂಡು ಅಡುಗೆಮನೆಗೆ ಹೋಗಿ ಅವರಮ್ಮನಿಗೆ ಗಟ್ಟಿಯಾಗಿ ಓದಿದ: ‘ಆನ್ ಯುಗಾದಿ ಮೈ ಮದರ್ ಮೇಕ್ಸ್ ಒಬ್ಬಟ್ಟು.’

ಒಳಗಿಂದ ಅಕ್ಕನ ದನಿ ಬಂತು. "ಮಾಡ್ತೀನಿ ಅಂತ ಯಾರೋ ಹೇಳಿದ್ದು? ಈ ಸಲ ಅಂಗಡಿಯಿಂದ ತರೋದು ಅಂತ ಆಗಲೇ ಹೇಳಿದೀನಲ್ಲ!"